ಅತ್ತೆಯ ಬೆನ್ನು, ನನ್ನ ಹಟ

ಆಸ್ಪತ್ರೆಯ ವಾರ್ಡಿನಲ್ಲಿ ನನಗೆ ಬಿದ್ದ ಹೆಸರು ರಾಕ್ಷಸಿ. ಇಟ್ಟವರು ಬೇರೆ ಯಾರೂ ಅಲ್ಲ, ನನ್ನ ಅತ್ತೆ. ಅಂಗಳದಲ್ಲಿ ಒಣಹಾಕಿದ್ದ ಕಾಳುಮೆಣಸಿನ ಮೇಲೆ ಕಾಲಿಟ್ಟು ಜಾರಿ, ಸೊಂಟದ ಮೂಳೆ ಮುರಿದುಕೊಂಡಿದ್ದರು. ಶುಗರ್ ಇಳಿಯುವವರೆಗೆ ಆಪರೇಷನ್ ಇಲ್ಲ ಎಂದರು ಡಾಕ್ಟರು. ಅತ್ತೆ ಮಂಚದ ಮೇಲೆ, ನಾನು ಪಕ್ಕದ ಸ್ಟೂಲಿನ ಮೇಲೆ.

ಒಂದು ಬೆಳಿಗ್ಗೆ ಮೈ ಒರೆಸುವಾಗ ಸಿಸ್ಟರ್ ನನ್ನನ್ನು ಕರೆದು ಅತ್ತೆಯ ಬೆನ್ನಿನ ಬುಡ ತೋರಿಸಿದರು. ಅಲ್ಲಿ ಚರ್ಮ ಕೆಂಪಾಗಿತ್ತು. ಬೆರಳಲ್ಲಿ ಒತ್ತಿದರು. "ನೋಡಿ, ಒತ್ತಿದ್ರೆ ಬೆಳ್ಳಗೆ ಆಗ್ಬೇಕು. ಆಗ್ತಾ ಇಲ್ಲ. ಹೀಗೇ ಬಿಟ್ರೆ ಹುಣ್ಣಾಗುತ್ತೆ." ಮಂಡಿಗಳ ನಡುವೆ ಒಂದು ದಿಂಬು, ಬೆನ್ನ ಹಿಂದೆ ಒಂದು, ಪೂರ್ತಿ ಮಗ್ಗುಲಲ್ಲ, ಅರ್ಧ ಓರೆ. ಎರಡು ಗಂಟೆಗೊಮ್ಮೆ ಆ ಕಡೆ ಈ ಕಡೆ ಹೊರಳಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಆಯಾ ಒಂದು ಕಡೆ, ನಾನೊಂದು ಕಡೆ ಹಿಡಿದು ಕಲಿತೆವು.

ಬೆನ್ನು ಹುಣ್ಣಾಗುವುದು ಎಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ಅಪ್ಪ ಹಾಸಿಗೆ ಹಿಡಿದಾಗ ಬಂದುಹೋದವರೆಲ್ಲ "ಪಾಪ, ನೆಮ್ಮದಿಯಾಗಿ ಮಲಗ್ಲಿ ಬಿಡಿ" ಎಂದೇ ಹೇಳಿದ್ದು. ಆ ನೆಮ್ಮದಿ ಮೂಳೆ ಕಾಣುವಷ್ಟು ಅವರ ಬೆನ್ನನ್ನು ತಿಂದುಹಾಕಿತು. ಕೊನೆಗೆ ಅದೇ ಜನ ಮೂಗಿಗೆ ಸೆರಗು ಹಿಡಿದು, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹಾಗಾಗಿ ಹಟಕ್ಕೆ ಬಿದ್ದೆ. ಮುಟ್ಟಿದರೆ ಸಾಕು, ಅತ್ತೆ ಇಡೀ ವಾರ್ಡಿಗೆ ಕೇಳುವಂತೆ ಕೂಗುತ್ತಿದ್ದರು: "ಅಯ್ಯಯ್ಯೋ, ಸಾಯಿಸ್ತಾವ್ಳೆ ಕಣ್ರಪ್ಪೋ! ರಾಕ್ಷಸಿ! ಕಣ್ಣು ಮುಚ್ಚಾಕೂ ಬಿಡಾಕಿಲ್ಲ!" ಎದುರು ಮಂಚದ ಹೆಂಗಸು "ಸ್ವಂತ ಮಗಳಾಗಿದ್ರೆ ಹಿಂಗ್ ಮಾಡ್ತಿದ್ಲಾ?" ಎಂದು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಲೆಂದೇ. ಕೇಳಿಸಿತು. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನು ದಿಂಬು ಸರಿಮಾಡಿದೆ.

ಆ ಸ್ವಂತ ಮಗಳು, ಎಂದರೆ ನನ್ನ ಗಂಡನ ಅಕ್ಕ, ಅಂದೇ ಚೆಟ್ಟಳ್ಳಿಯಿಂದ ಬಂದರು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ತಮ್ಮ ಹಳೇ ಸೀರೆಯನ್ನು ಬಿಗಿಯಾಗಿ ಸುತ್ತಿ ಸಿಂಬೆ ಮಾಡಿ, ಹೊರೆ ಹೊರುವವರು ತಲೆಗಿಡುತ್ತಾರಲ್ಲ ಅಂಥದ್ದು, ಅತ್ತೆಯ ಕೆಳಗೆ ಇಟ್ಟುಬಿಟ್ಟಿದ್ದರು.

"ನೋವಿರೋ ಜಾಗ ನಡುವೆ ಇರ್ತದೆ, ಎಲ್ಲೂ ತಾಗಲ್ಲ. ಇನ್ ಮೇಲೆ ಅವ್ವನ್ನ ಹೊರಳಿಸ್ಬೇಡ" ಎಂದರು. ಅತ್ತೆ ಬಾಯಿ ತೆರೆದು ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಇಲ್ಲವೆನ್ನಲಾರೆ. ಆದರೆ ಓರೆ ಮಾಡಿ ನೋಡಿದರೆ, ಕೆಂಪಿನ ಸುತ್ತ ಸಿಂಬೆಯ ಅಚ್ಚು ಬಳೆಯಂತೆ ಒತ್ತಿ ಕೂತಿತ್ತು. ನಡುವಿನ ಜಾಗಕ್ಕೆ ಹೋಗುವ ರಕ್ತವನ್ನೇ ಇದು ತಡೆಯುತ್ತದೆ ಎಂದು ಸಿಸ್ಟರ್ ಗದರಿದರು. ಸಿಂಬೆಯನ್ನು ನಾದಿನಿಯ ಕೈಗೇ ಕೊಟ್ಟೆ.

"ನಮ್ಮವ್ವ ಕಣೇ!" ಎಂದು ಸಿಡುಕಿದರು.

"ಹೌದಕ್ಕ, ನಿಮ್ಮವ್ವನೇ. ಇರೋದಾದ್ರೆ ಆ ಕಡೆಯಿಂದ ಹಿಡ್ಕೊಳ್ಳಿ. ಇಲ್ಲಾಂದ್ರೆ ದಾರಿ ಬಿಡಿ."

ಅವರು ಹಿಡಿಯಲಿಲ್ಲ, ಬಸ್ಸು ಹಿಡಿದರು. ಸಂಜೆಯೊಳಗೆ ನೆಂಟರಿಗೆಲ್ಲ ಫೋನಿನಲ್ಲಿ ಸುದ್ದಿ ಮುಟ್ಟಿತು. ಮುಟ್ಟಲಿ ಎಂದುಕೊಂಡೆ. ಆಪರೇಷನ್ ಆಗುವವರೆಗೂ ಹೊರಳಿಸಿದೆ, ಆದ ಮೇಲೂ ಹೊರಳಿಸಿದೆ, ಬೈಸಿಕೊಂಡೇ ಹೊರಳಿಸಿದೆ. ಕೆಂಪು ಮೆಲ್ಲಗೆ ಇಳಿಯಿತು. ಚರ್ಮ ಒಡೆಯಲಿಲ್ಲ.

ಈಗ ಅತ್ತೆ ವಾಕರ್ ಹಿಡಿದು ನಡೆಯುತ್ತಾರೆ. ನೋಡಲು ಬಂದವರಿಗೆಲ್ಲ ಕುರ್ಚಿಯಲ್ಲಿ ಕೂತು ಅದೇ ಕಥೆ: "ಆಸ್ಪತ್ರೇಲಿ ನನ್ ಸೊಸೆ ಒಂದ್ ಗಳಿಗೆ ನೆಮ್ಮದಿಯಾಗಿ ಮಲಗಾಕ್ ಬಿಡ್ನಿಲ್ಲ ಕಣಮ್ಮ." ಬಂದವರು ನನ್ನ ಮುಖ ನೋಡುತ್ತಾರೆ. ನಾನು ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತೇನೆ.

ಹೇಳಲಿ. ಕುರ್ಚಿಗೆ ಆರಾಮಾಗಿ ಬೆನ್ನೊರಗಿಸಿಕೊಂಡು ಹೇಳುತ್ತಾರಲ್ಲ. ನನ್ನ ಅಪ್ಪನಿಗೆ ಒರಗಲು ಬೆನ್ನೇ ಉಳಿದಿರಲಿಲ್ಲ.