ಗುಂಡುಕಲ್ಲಿಗೆ ಕುಲಾವಿ

ಹೋದ ಸೋಮವಾರ ನಮ್ಮೂರ ಮ್ಯೂಸಿಯಮ್ಮಿನಲ್ಲಿ ಒರಳಿನ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಜೋಗುಳ ಹಾಡಿದರು. ಹಾಡಿದವರಲ್ಲಿ ನನ್ನ ಹೆಂಡತಿಯ ದನಿಯೇ ಎಲ್ಲರಿಗಿಂತ ಮೇಲಿತ್ತು. ಎದುರಿಗೆ ತಾಲ್ಲೂಕಿನ ಅಮಲ್ದಾರರು ಪೇಟ ಕಟ್ಟಿಕೊಂಡು ನಿಂತಿದ್ದರು.

ನಗಬೇಡಿ. ಆ ಹೊತ್ತಿನಲ್ಲಿ ನನಗಂತೂ ನಗು ಬಂದಿರಲಿಲ್ಲ.

ನಮ್ಮೂರಿನ ಹೆಸರು ಬರೆಯುವುದಿಲ್ಲ. ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಇಳಿದು ಮಾಗಡಿ ಕಡೆಗೆ ಜಟಕಾ ಹಿಡಿದರೆ ಸಿಗುವ ಊರು ಎಂದರೆ ಸಾಕು. (ಮುನಿಸಿಪಾಲಿಟಿ ಮೆಂಬರಾದ ನನಗೆ ಇದಕ್ಕಿಂತ ಹೆಚ್ಚು ಧೈರ್ಯವಿಲ್ಲ.) ಇಲ್ಲಿ ಕೋಟೆಮನೆ ಎಂಬ ಹಳೆಯ ತೊಟ್ಟಿಮನೆಯಿದೆ. ಅದರ ಯಜಮಾನರಿಗೆ ಮಕ್ಕಳಿರಲಿಲ್ಲ. ಕಣ್ಣು ಮುಚ್ಚುವ ಮೊದಲು ಮನೆಯನ್ನೂ ಮನೆಯೊಳಗಿನ ಸಾಮಾನನ್ನೂ ಊರಿಗೆ ಒಪ್ಪಿಸಿ ಹೋದರು. ಊರು ಎಂದರೆ ಯಾರು? ಸರ್ಕಾರದ ಭಾಷೆಯಲ್ಲಿ ಊರು ಎಂದರೆ ಮುನಿಸಿಪಾಲಿಟಿ.

ನಮ್ಮ ಪ್ರೆಸಿಡೆಂಟ್ ಬಸಪ್ಪನವರು ಒಳ್ಳೆಯ ಮನುಷ್ಯರು. ಆದರೆ ಒಮ್ಮೆ ಬೆಂಗಳೂರಿಗೆ ಹೋಗಿ ಮ್ಯೂಸಿಯಂ ನೋಡಿಬಂದರು. ಸರಿ, ಅಲ್ಲಿಂದ ಶುರು. ಕೋಟೆಮನೆಯೂ ಮ್ಯೂಸಿಯಂ ಆಗಲೇಬೇಕು! ಗೆದ್ದಲು ತಿಂದ ತೊಲೆ ತೆಗೆಸಿ ಹೊಸದು ಹಾಕಿಸಿದರು. ಸುಣ್ಣ ಬಳಿಸಿದರು. ಕತ್ತಿ, ಗುರಾಣಿ, ತಾಮ್ರದ ಹಂಡೆಗಳಿಗೆ ಹುಣಸೇಹಣ್ಣು ಹಚ್ಚಿ ಉಜ್ಜಿಸಿದರು. ಹೊಗಳಬೇಕಾದದ್ದನ್ನು ಹೊಗಳಲೇಬೇಕು, ಮನೆ ಮದುವೆ ಮನೆಯಂತೆ ಕಾಣುತ್ತಿತ್ತು. ಆಮೇಲೆ ಬಾಗಿಲಿಗೆ ಒಂದು ಬೋರ್ಡು ಬಿತ್ತು: 'ಇಲ್ಲಿನ ವಸ್ತುಗಳನ್ನು ಮುಟ್ಟಕೂಡದು. ಹೊರಗೆ ಒಯ್ಯಕೂಡದು.'

ಆ ರೂಲಿಗೆ ಮೀಟಿಂಗಿನಲ್ಲಿ ನಾನೂ ಕೈ ಎತ್ತಿದೆ. (ಕಾಫಿ ಬರುವ ಹೊತ್ತಾಗಿತ್ತು.)

ಆ 'ವಸ್ತು'ಗಳಲ್ಲಿ ಒಂದು ತೊಟ್ಟಿಲು. ಚನ್ನಪಟ್ಟಣದ ಕೈಕೆಲಸ. ಕೆಂಪು, ಹಳದಿ ಅರಗಿನ ಬಣ್ಣ, ಮೇಲೆ ತೂಗಾಡುವ ಮರದ ಗಿಳಿಗಳು. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವುದು ಕೋಟೆಮನೆಯ ಈ ತೊಟ್ಟಿಲಲ್ಲಿ. ಗೌಡರ ಕೂಸು, ಗಾಣಿಗರ ಕೂಸು, ಬೊಂಬೆ ಕಡೆಯುವ ಸಾಹೇಬರ ಕೂಸು, ಎಲ್ಲವೂ ಇದರಲ್ಲಿ ಮಲಗಿ ಅತ್ತವೇ. ನಾನೂ ಅತ್ತಿದ್ದೇನೆ.

ಈಗ ಅದನ್ನು ನಡುಮನೆಯ ತೊಲೆಗೆ ನೇತುಹಾಕಿ, ಸುತ್ತ ಹಗ್ಗ ಕಟ್ಟಿ, ಚೀಟಿ ಅಂಟಿಸಿದರು: 'ತೊಟ್ಟಿಲು. ಹಳೆಯದು.' ಗಾಳಿ ಬಂದರೆ ಅದು ತಾನಾಗಿ ತೂಗುತ್ತಿತ್ತು, ಖಾಲಿ!

ಬರಿಯ ತೊಟ್ಟಿಲು ತೂಗಬಾರದೆಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಕಮಿಟಿಗೆ ಮಾತ್ರ. ಹೆಂಗಸರು ಮ್ಯೂಸಿಯಮ್ಮಿನ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟರು. 'ಬರೀ ತೊಟ್ಲು ನೇತಾಕ್ಕೊಂಡು ಕುಂತವ್ರೆ, ಬಸುರಿ ಬಾಣಂತಿ ಇರೋ ಊರಿದು ಅಂತ ಗ್ಯಾನ ಬ್ಯಾಡ್ವಾ?' ಎಂದು ನಮ್ಮ ಬೀದಿಯ ನಿಂಗಜ್ಜಿ ದಿನಾ ಶಾಪ ಹಾಕುತ್ತಿದ್ದಳು. ಊರಿನ ಅರ್ಧ ಜನರ ಬಾಣಂತನ ಮಾಡಿದ ಸೂಲಗಿತ್ತಿ ಅವಳು. ಶಾಪ ಹಾಕುವ ಹಕ್ಕು ಅವಳಿಗಲ್ಲದೆ ಇನ್ನಾರಿಗಿದೆ?

ಇದೆಲ್ಲ ನನಗೇಕೆ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ಬಾಣಂತನಕ್ಕೆ ಬಂದಿದ್ದ ಮಗಳು ಪಾರ್ವತಿ ಮುದ್ದಾದ ಹೆಣ್ಣುಕೂಸನ್ನು ಹೆತ್ತಳು. ಹೆಸರಿಡುವ ದಿನ ಗೊತ್ತಾಯಿತು. ಹೆಂಡತಿ ಗೌರಮ್ಮ ಸೆರಗು ಸಿಕ್ಕಿಸಿ ಎದುರಿಗೆ ನಿಂತಳು.

'ತೊಟ್ಲು ಕೇಳ್ಕೊಂಡು ಬನ್ನಿ.'

'ರೂಲು ಐತಲ್ಲೇ.'

'ನಿಮ್ ರೂಲನ್ನ ಒಲೆಗಾಕ. ನಿಮ್ಮವ್ವ ನಿಮ್ಮನ್ನ ತೂಗಿದ್ದು ಅದ್ರಾಗೆ. ನಾನು ಪಾರ್ವತೀನ ತೂಗಿದ್ದು ಅದ್ರಾಗೆ. ಈ ಕೂಸಿಗೂ ಅದೇ ಆಗ್ಬೇಕು. ಇಲ್ದಿದ್ರೆ ಹೆಸ್ರೇ ಬ್ಯಾಡ, ಪಾಪು ಅಂತ್ಲೇ ಮದ್ವೆ ಮಾಡಾನ.'

ಬಸಪ್ಪನವರ ಹತ್ತಿರ ಹೋದೆ. ಅವರು ಕೈ ಮುಗಿದುಬಿಟ್ಟರು. 'ಒಂದು ಕೂಸಿಗೆ ಬುಟ್ರೆ ಊರಿಗೆಲ್ಲ ಬುಡಬೇಕಾಯ್ತದೆ ಸ್ವಾಮಿ. ಸೋಮವಾರ ಅಮಲ್ದಾರ್ರು ಬೇರೆ ಇನ್‌ಸ್ಪೆಕ್ಷನ್ನಿಗೆ ಬತ್ತಾವ್ರೆ. ನನ್ ಮಾನ ಒಸಿ ಉಳ್ಸಿ.'

ಸೋಮವಾರ! ಹೆಸರಿಡುವುದೂ ಅಂದೇ. ಬೀಗರು ಮಾಗಡಿಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದಾರೆ. ನಾನು ಮನೆಗೆ ಬಂದು ವಿಷಯ ಹೇಳಿದೆ. ಗೌರಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. ನಿಜವಾಗಿ ಸಂಕಟವಾಯಿತು. ಆದರೆ ಜಗುಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ನಿಂಗಜ್ಜಿ ಮಾತ್ರ ನಗುತ್ತಿದ್ದಳು. 'ಮುಟ್ಬಾರ್ದು ಅಂದವ್ರೆ, ಒಯ್ಬಾರ್ದು ಅಂದವ್ರೆ. ತರ್ಬಾರ್ದು ಅಂತ ಎಲ್ಲಾರ ಬರ್ದವ್ರಾ?'

ಬರೆದಿರಲಿಲ್ಲ. ಅಷ್ಟೇ ಅಲ್ಲ, ಮನೆಯಲ್ಲಿ ಹಳೆಯ ಸಾಮಾನಿದ್ದವರು ಮ್ಯೂಸಿಯಮ್ಮಿಗೆ ತಂದುಕೊಡಿ ಎಂದು ಬಸಪ್ಪನವರೇ ಡಂಗುರ ಹೊಡೆಸಿದ್ದರು. ಯಾರೂ ಏನೂ ಕೊಟ್ಟಿರಲಿಲ್ಲ.

ಸೋಮವಾರ ಅಮಲ್ದಾರರು ಕತ್ತಿ ನೋಡಿದರು, ಹಂಡೆ ನೋಡಿದರು, ತಲೆಯಾಡಿಸಿದರು. 'ಜನ ಬರ್ತಾರೇನ್ರೀ?' ಎಂದು ಕೇಳಿದರು. ಬಸಪ್ಪನವರು ಇನ್ನೊಂದು ಹಂಡೆ ತೋರಿಸಿದರು. ಆಗಲೇ ಬಾಗಿಲಲ್ಲಿ ಬಳೆಗಳ ಸದ್ದು. ನೋಡುತ್ತೇನೆ, ನಮ್ಮ ಬೀದಿಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಒಳಗೆ ಬರುತ್ತಿದ್ದಾರೆ! ಮುಂದೆ ನಿಂಗಜ್ಜಿ. ಅವಳ ತೋಳಿನಲ್ಲಿ ಹೊಸ ಬಟ್ಟೆ ಸುತ್ತಿ ಕುಲಾವಿ ಹಾಕಿದ ಗುಂಡುಕಲ್ಲು.

'ಹಳೇ ಸಾಮಾನು ಕೇಳಿದ್ಯಲ್ಲಪ್ಪ, ತಂದಿವ್ನಿ. ನಮ್ಮತ್ತೆ ಕಾಲದ್ದು.'

ಬಸಪ್ಪನವರ ಮುಖ ಅರಳಿತು. ಅಮಲ್ದಾರರ ಎದುರಿಗೇ ದಾನ ಬಂದಿದೆ! 'ಎಲ್ಲಿಡಾನವ್ವ?' ಎಂದರು.

'ಅದರ ಜಾಗ ಅದ್ಕೆ ಗೊತ್ತು' ಎಂದು ನಿಂಗಜ್ಜಿ ಹಗ್ಗದ ಕೆಳಗೆ ನುಸುಳಿ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿಯೇಬಿಟ್ಟಳು. ಗೌರಮ್ಮ ಜೋಗುಳ ತೆಗೆದಳು. ಬಸಪ್ಪನವರು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದರು. ನಾನು ತೊಲೆ ನೋಡಿದೆ. (ಒಳ್ಳೆಯ ತೊಲೆ.)

ಅಮಲ್ದಾರರ ಮುಖ ಗಂಭೀರವಾಗಿತ್ತು. ಅವರು ತೊಟ್ಟಿಲ ಹತ್ತಿರ ಹೋಗಿ ಬಗ್ಗಿ ನೋಡಿದರು. ಮುಗಿಯಿತು, ಮೆಂಬರ್‌ಗಿರಿ ಹೋಯಿತು ಎಂದುಕೊಂಡೆ.

'ಕಲ್ಲು ಮಲಗಿದೆ' ಎಂದರು ಅಮಲ್ದಾರರು. 'ಕೂಸೆಲ್ಲಿ?'

ಅವರೂ ಯಾವುದೋ ತಾಯಿಯ ಮಗನೇ ತಾನೇ! ಮೊದಲು ಗುಂಡುಕಲ್ಲು, ಆಮೇಲೆ ಕೂಸು, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಇದನ್ನು ಅವರಿಗೆ ಯಾರು ಹೇಳಿಕೊಡಬೇಕು? ಪಾರ್ವತಿಯ ಸೆರಗಿನಿಂದ ನನ್ನ ಮೊಮ್ಮಗಳು ಹೊರಗೆ ಬಂದಳು. ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಟ್ಟರು, ಮೇಲಿನಿಂದ ಒಬ್ಬರು ತೆಗೆದುಕೊಂಡರು. ಮಾಗಡಿಯಿಂದ ಬಂದ ಸೋದರತ್ತೆ ಕೂಸಿನ ಕಿವಿಯಲ್ಲಿ 'ಗಂಗಾ' ಎಂದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ನೂಕುನುಗ್ಗಲಿನಲ್ಲಿ ಒಂದು ಗುದ್ದು ಬಸಪ್ಪನವರಿಗೂ ಬಿತ್ತು.

ಗಂಗಾ ಹೆಸರಿಗೆ ತಕ್ಕಂತೆ ತಕ್ಷಣ ಹರಿದಳು.

'ಅಯ್ಯೋ, ಮ್ಯೂಸಿಯಂ ವಸ್ತು!' ಎಂದು ಬಸಪ್ಪನವರು ಕಿರುಚಿದರು.

ನಿಂಗಜ್ಜಿ ತಿರುಗಿ ನಿಂತಳು. 'ಏನ್ಲಾ ಬಸ್ಯಾ, ನೀನೇನು ಇದ್ರಾಗೆ ಪನ್ನೀರು ಚೆಲ್ಲಿದ್ಯೇನ್ಲಾ? ಒರೆಸಿದ್ದು ನಾನು ಕಣ್ಲಾ!'

ಅಮಲ್ದಾರರು ಪೇಟ ಜಾರುವಷ್ಟು ನಕ್ಕರು. ಬಸಪ್ಪನವರೂ ನಕ್ಕರು, ಪಾಪ, ಕೆಂಪಗಾಗಿ. ಇಷ್ಟು ಜನ ಆ ಮನೆಯೊಳಗೆ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ನನಗಂತೂ ಕಣ್ಣು ತುಂಬಿ ಬಂತು. ಮನೆಯನ್ನು ಕಾಪಾಡುವುದೆಂದರೆ ತೊಲೆಯನ್ನು ಗೆದ್ದಲಿನಿಂದ ಉಳಿಸುವುದು, ಒಪ್ಪಿದೆ. ಆದರೆ ಆ ತೊಲೆಗೆ ಕಟ್ಟಿದ ತೊಟ್ಟಿಲಿನಲ್ಲಿ ಯಾರೂ ಅಳದಿದ್ದರೆ ಅದನ್ನು ಯಾರಿಗಾಗಿ ಉಳಿಸಿದ ಹಾಗಾಯಿತು? ಅರಗಿನ ಬಣ್ಣ ಸವೆದರೆ ಮತ್ತೆ ಹಚ್ಚಲು ಚನ್ನಪಟ್ಟಣ ಎಲ್ಲಿಗೂ ಓಡಿಹೋಗಿಲ್ಲ.

ಮರುದಿನವೇ ಮೀಟಿಂಗು. ಈ ಸಲ ಕಾಫಿಗೆ ಮೊದಲೇ, ಪೂರ್ತಿ ಎಚ್ಚರದಲ್ಲಿ ಕೈ ಎತ್ತಿದೆ. ಈಗ ತೊಟ್ಟಿಲಿನ ಮೇಲೆ ಹೊಸ ಬೋರ್ಡು ಬಂದಿದೆ: 'ನಡೆಯಲು ಬಲ್ಲವರು ಮುಟ್ಟಕೂಡದು.'

ಹಾಗಾದರೆ ತೂಗುವವರು ಯಾರು ಎಂದು ಕೇಳುತ್ತೀರಾ? ಅದನ್ನೂ ಅದೇ ಮೀಟಿಂಗಿನಲ್ಲಿ ಪಾಸು ಮಾಡಿದೆವು. ಹೆಸರಿಡುವ ದಿನ ತೊಟ್ಟಿಲಿನ ಹಗ್ಗ ಜಗ್ಗುವ ಡ್ಯೂಟಿ ಪ್ರೆಸಿಡೆಂಟರದು.

ಊರಿನ ಕಂದಾಯ ವಸೂಲು ಮಾಡುವ ಕೈ ಒಂದಿಷ್ಟು ಊರಿನ ಕೂಸನ್ನೂ ತೂಗಲಿ, ಏನಂತೀರಿ?