ಬಾಗಿಲಲ್ಲಿ ನಾನು ಹೇಳಿದ ಕಾಯ್ದೆ

ದೇವಕ್ಕ, ಅಂದು ನಿನ್ನ ಹೊಸ್ತಿಲಲ್ಲಿ ನಿಂತು ನಾನು ಹೇಳಿದ್ದು ಸುಳ್ಳು. ತಿಳಿಯದೆ ಬಾಯಿತಪ್ಪಿ ಬಂದದ್ದಲ್ಲ — ತಿಳಿದೇ ಹೇಳಿದ್ದು.

ಬ್ರಿಟಿಷ್ ಸರ್ಕಾರಕ್ಕೆ ಕರ ಕೊಡುವುದಿಲ್ಲವೆಂದು ಅಂಕೋಲೆಯ ಕಡೆಯ ರೈತರು ಹಟ ಹಿಡಿದಿದ್ದ ವರ್ಷ ಅದು. ನಾನು ಕಾರವಾರದ ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಕೇರಿಗೆ ಮಾತ್ರ ದೊಡ್ಡ ಕಾಯ್ದೆಪಂಡಿತ. ಆ ಹೆಸರು ನನಗೂ ಹಿತವಾಗಿತ್ತು.

ಬೇಲಿಯಾಚೆಯ ನಿನ್ನ ಮನೆಯಲ್ಲಿ ಚಳವಳಿಯ ಕರಪತ್ರಗಳಿದ್ದವು. ಅವನ್ನು ಬಿತ್ತನೆ ಭತ್ತದ ನಡುವೆ ಇಟ್ಟು, ಹುಲ್ಲು ಸುತ್ತಿ ಮುಡೆ ಕಟ್ಟಿದ್ದೆ ನೀನು. ಬಿತ್ತುವ ದಿನದವರೆಗೆ ಆ ಮುಡೆಯನ್ನು ಮನೆಯವರೂ ಬಿಚ್ಚುವುದಿಲ್ಲ. ಪೊಲೀಸರೂ ಮುಟ್ಟಲಾರರೆಂದು ನೀನು ನಂಬಿದ್ದೆ — ಅವರಿಗೆಲ್ಲಿಯ ಬಿತ್ತನೆ, ಎಲ್ಲಿಯ ಮುಡೆ!

ಭಾನುವಾರ ಮಧ್ಯಾಹ್ನ ಫೌಜದಾರ ಬಂದ. ಶೋಧನೆಗೆ ಸಾಕ್ಷಿ ನಿಲ್ಲುವ ಪಂಚನಾಗಿ ನನ್ನನ್ನೇ ಕರೆದೊಯ್ದ. ನೀನು ಬಾಗಿಲಿಗೆ ಅಡ್ಡ ನಿಂತು ನನ್ನ ಕಡೆ ತಿರುಗಿದೆ.

"ವಾರಂಟ್ ಕಾಗದ ಇಲ್ದೆ ಇವ್ರು ಒಳ್ಗೆ ಬರೂಕಾಗ್ತದಾ ಒಡೆಯಾ? ನೀವ್ ಹೇಳ್ದಂಗೆ ಕೇಳ್ತೆ."

ವಾರಂಟಿಲ್ಲದೆ ಶೋಧಿಸುವುದಾದರೆ ಫೌಜದಾರ ಅದರ ಕಾರಣವನ್ನು ಮೊದಲೇ ಬರೆದಿಡಬೇಕು. ಬರೆದಿದ್ದೀರಾ ಎಂದು ಹೊರಡುವಾಗ ಕೇಳಿದ್ದೆ, ನಕ್ಕುಬಿಟ್ಟಿದ್ದ. ಅದೇ ಪ್ರಶ್ನೆಯನ್ನು ನಿನ್ನೆದುರು ಕೇಳಿದ್ದರೆ ಅವನು ಬರೆಯಲು ಕೂರಬೇಕಾಗುತ್ತಿತ್ತು, ನೀನು ಅಷ್ಟರಲ್ಲಿ ಹಿತ್ತಿಲಿನಿಂದ ಮುಡೆ ಸಾಗಿಸುತ್ತಿದ್ದೆ. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ — ಕಚೇರಿಯ ಜಗಲಿ ಕೈತಪ್ಪಿದರೆ, ನಾಳೆ ನನ್ನ ಗತಿ —

"ಬರ್ಬಹುದು ದೇವಕ್ಕ. ದಾರಿ ಬಿಡು," ಎಂದೆ.

ನೀನು ಬಿಟ್ಟೆ. ಅವರು ಕತ್ತಿಯಿಂದ ಮುಡೆ ಸೀಳಿದರು. ಕಟ್ಟಿದವರು ಯಾರೆಂದು ಕೇಳಿದಾಗ "ನಾನೇ" ಎಂದೆ ನೀನು, ದನಿ ತಗ್ಗಿಸದೆ. ಪಂಚನಾಮೆಗೆ ನಾನು ರುಜು ಹಾಕಿದೆ. ನಿನಗೆ ಆರು ತಿಂಗಳು ಜೈಲಾಯಿತು. ಆ ಮಳೆಗಾಲ ನಿನ್ನ ಗದ್ದೆ ಬೀಳು ಬಿತ್ತು.

ತಿರುಗಿ ಬಂದವಳು ಬೈದಿದ್ದರೂ ಆಗುತ್ತಿತ್ತು. "ಕಾಯ್ದೆನೇ ಹಾಂಗಿದ್ರೆ ನೀವೇನ್ ಮಾಡೂಕಾಗ್ತದೆ," ಎಂದು ನೀನೇ ನನಗೆ ಸಮಾಧಾನ ಹೇಳಿದೆ.

ಹೆಂಡತಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನೊಬ್ಬನೇ. ಊಟ ಆಯಿತೇ ಎಂದು ಬೇಲಿಯಾಚೆಯಿಂದ ದಿನಾ ಕೇಳುವವಳು ನೀನೊಬ್ಬಳೇ. ಆ ಒಂದು ಮಾತು ನಿಂತುಹೋದೀತೆಂಬ ಭಯಕ್ಕೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಇದೂ ಸ್ವಾರ್ಥವೇ.

ನಿನಗೆ ಓದು ಬಾರದು. ನಾಳೆ ಬೆಳಿಗ್ಗೆ ನಾನೇ ಬಂದು ಇದನ್ನು ಓದಿ ಹೇಳುತ್ತೇನೆ. ಆಮೇಲೆ ನೀನು ಊಟ ಆಯಿತೇ ಎಂದು ಕೇಳದಿದ್ದರೆ, ಯಾರೂ ಕೇಳದೆಯೇ ಉಣ್ಣುತ್ತೇನೆ.