ಲೈಫ್ ಜಾಕೆಟ್ ಎಣಿಸಿದವನು

ಹಡಗಿಗೂ ನಿವೃತ್ತಿ ಉಂಟು. ನಾನು ಒಂಬತ್ತು ವರ್ಷ ಗುಮಾಸ್ತನಾಗಿದ್ದ ಹಡಗನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾದಾಗ, ಬೀಳ್ಕೊಡುಗೆ ಪುಸ್ತಿಕೆಗೆ ಅದರ ಸೇವಾಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ನೌಕಾಪಡೆ ಬಿಟ್ಟ ಮೇಲೆ ಗಲ್ಫಿಗೆ ಬಂದು ಅಲ್ ಖುವೈರಿನ ಆಫೀಸೊಂದರಲ್ಲಿ ಫೈಲು ನೋಡಿಕೊಂಡಿರುವವನು ನಾನು, ಬರೆಯುವುದು ಹೊಸತಲ್ಲ. ಸೈನಿಕರನ್ನು ಹೊತ್ತು ಶತ್ರುವಿನ ದಡಕ್ಕೆ ಇಳಿಸಲು ಕಟ್ಟಿದ ಹಡಗು ಅದು. ಮೂತಿಯನ್ನು ಮರಳಿಗೆ ಒತ್ತಿ ಬಾಗಿಲು ತೆರೆಯುತ್ತಿತ್ತು. ಯುದ್ಧ ಮಾತ್ರ ಕಾಣಲೇ ಇಲ್ಲ. ಅಭ್ಯಾಸ, ಚಂಡಮಾರುತ, ಸಂತ್ರಸ್ತರಿಗೆ ಅಕ್ಕಿಮೂಟೆ, ಎರಡು ಪುಟದಲ್ಲಿ ಎಲ್ಲ ಮುಗಿಯಿತು. ಕೊನೆಗೆ ‘ಹೊತ್ತೊಯ್ದ ಒಬ್ಬ ಸೈನಿಕನನ್ನೂ ಈ ಹಡಗು ಕಳೆದುಕೊಳ್ಳಲಿಲ್ಲ’ ಎಂದು ಸೇರಿಸಿದೆ. ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ.

ಅಚ್ಚಾದ ಪುಸ್ತಿಕೆಯ ಜೊತೆ ಹಡಗಿನ ಲಾಂಛನದ ಸ್ಟಿಕ್ಕರೂ ಬಂತು. ಜಂಬಕ್ಕೆ ಕಾರಿನ ಹಿಂದಿನ ಗಾಜಿಗೆ ಅಂಟಿಸಿಕೊಂಡೆ. ಒಂದು ಶನಿವಾರ ಬ್ರೇಕ್ ತೋರಿಸಲು ವಾದಿ ಅದಾಯ್‌ನ ಗ್ಯಾರೇಜಿಗೆ ಹೋದಾಗ, ಬೆಳಗಾವಿ ಕಡೆಯ ಮೆಕ್ಯಾನಿಕ್ ಆ ಸ್ಟಿಕ್ಕರಿನ ಮುಂದೆ ನಿಂತುಬಿಟ್ಟ.

“ನೀವು ಈ ಹಡಗಿನ್ಯಾಗ ಇದ್ರೇನ್ರೀ, ಸರ?”

“ಹೌದು. ಯಾಕೆ ಮಾರಾಯ್ರೆ?”

“ನಮ್ಮಣ್ಣ ಮಿಲ್ಟ್ರ್ಯಾಗ ಇದ್ದ. ಈ ಹಡಗಿನ್ಯಾಗ ಹೋದಾಂವ ಬಂದರದಾಗ ಇಳದು ಓಡಿ ಹೋದ್ನಂತ್ರೀ. ಇಪ್ಪತ್ತು ವರ್ಷ ಆತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೂಡಲೇ “ಲೆಕ್ಕ ಸರಿ ಇತ್ತು” ಅಂದೆ. ಪಾಪ, ಅವನು ಲೆಕ್ಕ ಕೇಳಿರಲೇ ಇಲ್ಲ.

ಇಪ್ಪತ್ತು ವರ್ಷದ ಹಿಂದೆ ಒಂದು ಅಭ್ಯಾಸದಲ್ಲಿ, ದಡಕ್ಕಿಳಿಸಿದ ಸೈನಿಕರನ್ನು ಮತ್ತೆ ಹತ್ತಿಸಿಕೊಳ್ಳುವಾಗ ನೀರು ಇಳಿಯತೊಡಗಿತ್ತು. ಇಳಿತಕ್ಕೆ ಮುಂಚೆ ಹಿಂದೆ ಸರಿಯದಿದ್ದರೆ ಹಡಗು ಮರಳಲ್ಲೇ ಕೂರುತ್ತದೆ. ಹೆಸರು ಕರೆದು ಎಣಿಸಬೇಕಾದ ಹವಾಲ್ದಾರ ವಾಂತಿ ಮಾಡಿ ಸುಸ್ತಾಗಿ ಮಲಗಿದ್ದ. ಅವಸರಕ್ಕೆಂದು ನಾನೇ ಕಂಡುಕೊಂಡ ಒಂದು ಅಡ್ಡದಾರಿ ಇತ್ತು: ಮರಳಿ ಹತ್ತಿದವರು ಕಳಚಿಟ್ಟ ಲೈಫ್ ಜಾಕೆಟ್ ಎಣಿಸುವುದು. ಕೊಟ್ಟಷ್ಟು ವಾಪಸು ಬಂದರೆ ಜನವೂ ಅಷ್ಟೇ. ಒಬ್ಬ ಸೈನಿಕ ಎರಡು ತಂದಿಟ್ಟ. ಒಂದು ತನ್ನದು, ಇನ್ನೊಂದು ನೀರಲ್ಲಿ ತೇಲುತ್ತಿತ್ತು ಅಂದ. ನಾನು ಎರಡು ಗೀಟು ಹಾಕಿದೆ. ಲೆಕ್ಕ ಸರಿಹೋಯಿತು, ಬಾಗಿಲು ಮುಚ್ಚಿತು.

ಮರುದಿನ ಬಂದರಿನಲ್ಲಿ ಹಾಜರಿ ಕರೆದಾಗ ಒಬ್ಬನಿಲ್ಲ. ರಜೆ ಕೇಳಿ ಸಿಗದೆ ಮುನಿಸಿಕೊಂಡಿದ್ದವನು. ಅವನೂ ದಡದಿಂದ ಮರಳಿ ಹಡಗು ಹತ್ತಿದ್ದಕ್ಕೆ ನನ್ನ ಲೆಕ್ಕವೇ ಸಾಕ್ಷಿ. ಹಾಗಾಗಿ ಓಡಿಹೋದನೆಂದು ಆಯಿತು. ಎರಡನೆಯ ಜಾಕೆಟ್ ನನಗೆ ಆಗಲೇ ನೆನಪಾಗಿತ್ತು. ಆದರೂ ವಿಚಾರಣೆಯಲ್ಲಿ ‘ಲೆಕ್ಕ ಸರಿ ಇತ್ತು’ ಅಂದೆ. ಕೆಲಸ ಹೋದೀತೆಂಬ ಹೆದರಿಕೆ, ಬೇರೇನಲ್ಲ. ಹೆಣ ದಡಕ್ಕೆ ಬಂದಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಬರಲಿಲ್ಲ. ಊರಿಗೆ ಹೋದಾಗ ದೇವರಿಗೆ ಹಣ್ಣುಕಾಯಿ ಮಾಡಿಸಿದೆ. ಅಂಥ ಮನುಷ್ಯ ನಾನು.

ಮೆಕ್ಯಾನಿಕ್ ಚಕ್ರ ಬಿಚ್ಚುತ್ತಾ ತನ್ನಷ್ಟಕ್ಕೆ ಹೇಳುತ್ತಿದ್ದ. “ನಮ್ಮವ್ವ ಅವನ ಫೋಟೋ ಒಲಿಗೆ ಹಾಕಿದ್ಲರೀ. ಸಾಯೂತನಕ ಹೆಸರು ಎತ್ತಲಿಲ್ಲ. ವೈನಿ ಇನ್ನೂ ತಾಳಿ ಹಾಕ್ಕೊಂಡ ಅದಾಳ. ಎಲ್ಲೋ ಇನ್ನೊಬ್ಬಾಕಿ ಜೋಡಿ ಸಂಸಾರ ಮಾಡ್ಯಾನಂತ ದಿನಾ ಬೈತಾಳ.”

ಇನ್ನು ತಡೆಯಲಾಗಲಿಲ್ಲ. “ನಿಮ್ಮ ಅಣ್ಣ ಓಡಿ ಹೋದದ್ದಲ್ಲ” ಎಂದು ಶುರುಮಾಡಿ, ಜಾಕೆಟ್ಟಿನಿಂದ ಹಣ್ಣುಕಾಯಿಯವರೆಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಅವನು ಬಟ್ಟೆ ಚೂರಿನಿಂದ ಬೆರಳುಗಳ ಗ್ರೀಸನ್ನು ಒಂದೊಂದಾಗಿ ಒರೆಸಿಕೊಂಡ. ಆಮೇಲೆ ಊರಿಗೆ ಫೋನು ಮಾಡಿ, “ವೈನಿ, ಇಲ್ಲೊಬ್ರು ಮಾತಾಡ್ತಾರ” ಎಂದು ನನ್ನ ಕೈಗೆ ಕೊಟ್ಟ.

“ನೀವೇ ಹೇಳ್ರಿ. ನನ್ನ ಬಾಯಿಲೆ ಬರೂದಿಲ್ಲ.”

ಹೇಳಿದೆ. ಆ ಕಡೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಯಾರೂ ಆರಿಸಲಿಲ್ಲ.

“ಅಂದ್ರ, ಅವರು ನಮ್ಮನ್ನ ಬಿಟ್ಟು ಹೋಗಿರಲಿಲ್ಲೇನ್ರೀ?”

“ಇಲ್ಲಮ್ಮ,” ಅಂದೆ. “ಅವರನ್ನು ನಾನೇ ಬಿಟ್ಟು ಬಂದೆ.”